ಹಾಲಿನಲ್ಲೇ ರೋಗಾಣು ಕೊಲ್ಲುವ ಪೆಪ್ಟೈಡ್ ಇದ್ದರೆ ಕೆಚ್ಚಲು ಬಾವು ಯಾಕೆ ಬರುತ್ತದೆ?

ಹಾಸನ ಜಿಲ್ಲೆಯ ಓದುಗರೊಬ್ಬರ ಪ್ರಶ್ನೆ:

"ನಮ್ಮಲ್ಲಿ ನಾಲ್ಕು ಹಸು ಇವೆ. ಒಂದು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ), ಮೂರನೇ ಕರು ಹಾಕಿದೆ. ಅದರ ಹಿಂದಿನ ಬಲಗಡೆ ತೊಟ್ಟಿಗೆ ಪದೇ ಪದೇ ಕೆಚ್ಚಲು ಬಾವು. ತೊಟ್ಟಿನೊಳಗೆ ಆಂಟಿಬಯೋಟಿಕ್ ಟ್ಯೂಬ್ ಹಾಕಿಸಿದರೆ ವಾಸಿ ಆದ ಹಾಗೆ ಕಾಣುತ್ತದೆ, ಒಂದೆರಡು ತಿಂಗಳಲ್ಲಿ ಮತ್ತೆ ಬರುತ್ತದೆ. ಪ್ರತಿ ಸಲವೂ ಹಾಲು ಡೈರಿಗೆ ಹಾಕುವ ಹಾಗಿಲ್ಲ. ಹೋದ ಸಲ ಅತ್ತೆಯವರು ಚೆಲ್ಲೋಕೆ ಮನಸ್ಸಾಗದೆ ಆ ಹಾಲನ್ನು ಕಾಯಿಸಿ ಹೆಪ್ಪು ಹಾಕಿದರು. ಎರಡು ದಿನ ಆದರೂ ಮೊಸರಾಗಲಿಲ್ಲ. ಈಗ ನಮ್ಮ ಅಕ್ಕನ ಮಗ ಒಂದು ವಿಡಿಯೋ ನೋಡಿ ಬಂದಿದ್ದಾನೆ. ಹಾಲಿನ ಪ್ರೋಟೀನನ್ನು ಎಂಜೈಮ್‌ನಿಂದ ಒಡೆದರೆ ರೋಗಾಣು ಕೊಲ್ಲುವ ಪೆಪ್ಟೈಡ್ ಬರುತ್ತದಂತೆ, ಅದಕ್ಕೆ ರೋಗಾಣುಗಳು ಒಗ್ಗಿಕೊಳ್ಳುವುದೇ ಇಲ್ಲವಂತೆ, ಹಾಲಿನಲ್ಲಿ ಔಷಧಿ ಉಳಿಯುವ ತೊಂದರೆಯೂ ಇಲ್ಲವಂತೆ. ಚೀಸ್ ಮಾಡುವ ರೆನೆಟ್ ಮಾತ್ರೆ ತಂದು ಹಾಲು ಒಡೆಸಿ, ಆ ತಿಳಿನೀರನ್ನು ಸಿರಿಂಜಿನಲ್ಲಿ ತೊಟ್ಟಿನೊಳಗೆ ಬಿಡೋಣ ಅನ್ನುತ್ತಾನೆ. ಪಕ್ಕದ ಮನೆ ಅಜ್ಜ ಮಜ್ಜಿಗೆ ಬಿಡಿ ಅನ್ನುತ್ತಾರೆ. ಇದು ನಿಜವೇ? ಹಾಲಿನೊಳಗೇ ಅಂಥ ಔಷಧಿ ಇದ್ದರೆ ಹಾಲು ತುಂಬಿದ ಕೆಚ್ಚಲಿಗೆ ರೋಗ ಬರುವುದಾದರೂ ಯಾಕೆ? ಇನ್ನೊಂದು: ಲ್ಯಾಕ್ಟೋಫೆರಿನ್ ಅನ್ನುವ ಪುಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಮಗುವಿಗೂ ಕೊಡಬಹುದು ಅನ್ನುತ್ತಾನೆ. ಕೊಡಬಹುದಾ?"

ಮೊದಲು ತುರ್ತಿನ ಮಾತು. ತಿಳಿನೀರಾಗಲಿ ಮಜ್ಜಿಗೆಯಾಗಲಿ, ದಯವಿಟ್ಟು ತೊಟ್ಟಿನೊಳಗೆ ಬಿಡಬೇಡಿ. ಕಾರಣ ಮುಂದೆ ಹೇಳುತ್ತೇನೆ. ನಿಮ್ಮ ಅಕ್ಕನ ಮಗನನ್ನು ಬೈಯಲೂ ಬೇಡಿ. ಹುಡುಗ ಹೇಳಿದ ಮೊದಲರ್ಧ ನಿಜ. ಹಾಲಿನ ಪ್ರೋಟೀನಿನಿಂದ ರೋಗಾಣು ಕೊಲ್ಲುವ ಪೆಪ್ಟೈಡ್ ಬರುತ್ತದೆ ಅನ್ನುವುದು ವಾಟ್ಸಾಪ್ ಕತೆಯಲ್ಲ, ಐವತ್ತು ವರ್ಷಕ್ಕೂ ಹಳೆಯ ವಿಜ್ಞಾನ. ಎಡವಟ್ಟಾಗಿರುವುದು ಎರಡನೇ ಅರ್ಧದಲ್ಲಿ.

ಹಸುವಿನ ಹಾಲಿನಲ್ಲಿ ನೂರು ಗ್ರಾಂಗೆ ಸುಮಾರು ಮೂರೂಕಾಲು ಗ್ರಾಂ ಪ್ರೋಟೀನ್ ಇರುತ್ತದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸೀನ್. ಹಾಲು ಒಡೆದಾಗ ಗಟ್ಟಿಯಾಗಿ ಕೆಳಗೆ ಕೂರುತ್ತದಲ್ಲ, ಅದು. ಉಳಿದ ಒಂದು ಪಾಲು ತಿಳಿಯಲ್ಲಿ ಉಳಿಯುವ ಪ್ರೋಟೀನುಗಳು. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಎಂಜೈಮ್ ಆ ಸರವನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುತ್ತದೆ. ಕತ್ತರಿಸಿ ಬಂದ ತುಂಡು ಪೆಪ್ಟೈಡ್. ಇಡೀ ಕೇಸೀನ್ ರೋಗಾಣುವಿಗೆ ಏನೂ ಮಾಡುವುದಿಲ್ಲ, ಅದು ಕರುವಿನ ಊಟ ಅಷ್ಟೆ. ಆದರೆ ಅದರ ಕೆಲವು ತುಂಡುಗಳು ಬೇರೆಯಾಗಿ ನಿಂತ ಕೂಡಲೇ ರೋಗಾಣುವನ್ನು ಕೊಲ್ಲುತ್ತವೆ. ಯಾವ ಎಂಜೈಮ್, ಎಲ್ಲಿ ಕತ್ತರಿಸಿತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

1970ರ ದಶಕದ ಆರಂಭದಲ್ಲಿ ಇಸ್ರೇಲಿನವರು ಕೇಸೀನನ್ನು ರೆನೆಟ್ಟಿನಿಂದ ಒಡೆದು ಇದನ್ನು ತೋರಿಸಿದರು. ರೆನೆಟ್ ಅಂದರೆ ಎಳೆಗರುವಿನ ಹೊಟ್ಟೆಯಲ್ಲಿರುವ ಕೈಮೋಸಿನ್ ಎಂಜೈಮ್. ಒಂದು ಜಾತಿಯ ಕೇಸೀನಿನ ತುದಿಯ 23 ಅಮೈನೋ ಆಮ್ಲಗಳ ತುಂಡಿಗೆ ಅವರು ತಮ್ಮ ದೇಶದ ಹೆಸರು ಸೇರಿಸಿ ಇಸ್ರಾಸಿಡಿನ್ ಅಂತ ಕರೆದರು. 1991ರಲ್ಲಿ ಜಪಾನಿನ ಮೊರಿನಾಗ ಹಾಲಿನ ಕಂಪನಿಯ ಸಂಶೋಧಕರು ತಿಳಿಯಲ್ಲಿರುವ ಲ್ಯಾಕ್ಟೋಫೆರಿನ್ ಅನ್ನುವ ಪ್ರೋಟೀನನ್ನು ಪೆಪ್ಸಿನ್ನಿಂದ ಒಡೆದರು. ಪೆಪ್ಸಿನ್ ನಮ್ಮ ನಿಮ್ಮ ಹೊಟ್ಟೆಯಲ್ಲೂ ಇರುವ ಎಂಜೈಮ್. ಒಡೆದು ಬಂದದ್ದು ಮೂಲ ಪ್ರೋಟೀನಿಗಿಂತ ಎಷ್ಟೋ ಪಟ್ಟು ಜೋರಾಗಿತ್ತು. ಅದರಲ್ಲಿ ಕೆಲಸ ಮಾಡುತ್ತಿದ್ದ 25 ಅಮೈನೋ ಆಮ್ಲಗಳ ತುಂಡಿಗೆ ಮುಂದೆ ಲ್ಯಾಕ್ಟೋಫೆರಿಸಿನ್ ಅಂತ ಹೆಸರಾಯಿತು. ಈ ಸಾಲಿನಲ್ಲಿ ಅತಿ ಹೆಚ್ಚು ಅಧ್ಯಯನ ನಡೆದಿರುವುದು ಇದರ ಮೇಲೆಯೇ. ಆಮೇಲೆ ಜರ್ಮನಿಯವರು ಇನ್ನೊಂದು ಕೇಸೀನಿನಲ್ಲಿ ಕ್ಯಾಸೋಸಿಡಿನ್ ಕಂಡರು, 2001ರಲ್ಲಿ ಮೆಲ್ಬರ್ನ್‌ನವರು ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವ ಕಪ್ಪಾಸಿನ್ ಬಗ್ಗೆ ಬರೆದರು. ಪಟ್ಟಿ ಇನ್ನೂ ಉದ್ದ ಇದೆ.

ಕೊಲ್ಲುವುದು ಹೇಗೆ ಅಂತ ಕೇಳಿದರೆ, ಬಹುಪಾಲು ಇಂಥ ತುಂಡುಗಳಿಗೆ ಪ್ಲಸ್ ಚಾರ್ಜ್ ಇರುತ್ತದೆ. ಬ್ಯಾಕ್ಟೀರಿಯಾದ ಹೊರಮೈಗೆ ಮೈನಸ್ ಚಾರ್ಜ್. ಹಾಗಾಗಿ ತಾವಾಗಿ ಹೋಗಿ ಅಂಟುತ್ತವೆ. ಅಂಟಿದ ಮೇಲೆ ಪೆಪ್ಟೈಡಿನ ಒಂದು ಮಗ್ಗುಲು ನೀರನ್ನೂ ಇನ್ನೊಂದು ಮಗ್ಗುಲು ಕೊಬ್ಬನ್ನೂ ಹಿಡಿಯುತ್ತದೆ. ಸೋಪು ಜಿಡ್ಡಿನ ಪಾತ್ರೆಯ ಮೇಲೆ ಕೆಲಸ ಮಾಡುವ ಹಾಗೆಯೇ ಅಂದುಕೊಳ್ಳಿ. ಬ್ಯಾಕ್ಟೀರಿಯಾದ ಪೊರೆ ಕೊಬ್ಬಿನದ್ದಲ್ವಾ, ಅದು ಸಡಿಲವಾಗಿ ಒಳಗಿನದೆಲ್ಲ ಸೋರುತ್ತದೆ. ನಮ್ಮ ಜೀವಕೋಶಗಳ ಹೊರಮೈಗೆ ಅಷ್ಟು ಮೈನಸ್ ಚಾರ್ಜ್ ಇಲ್ಲ, ಆದ್ದರಿಂದ ನಮಗೆ ಅಷ್ಟಾಗಿ ತೊಂದರೆ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹಾಲು ತುಂಬಿದ ಕೆಚ್ಚಲಿಗೆ ರೋಗ ಯಾಕೆ? ಇಡೀ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಪ್ರಶ್ನೆ ಇದು. ಆ ವಿಡಿಯೋ ಮಾಡಿದವರು ಇದನ್ನು ಕೇಳಿಕೊಂಡಿದ್ದರೆ ವಿಡಿಯೋ ಮಾಡುತ್ತಲೇ ಇರಲಿಲ್ಲ.

ಕೆಚ್ಚಲಿನಲ್ಲಿ ಕತ್ತರಿ ಇಲ್ಲ, ಅದೇ ಮೊದಲ ಕಾರಣ. ಪೆಪ್ಸಿನ್, ಕೈಮೋಸಿನ್, ಟ್ರಿಪ್ಸಿನ್ ಇವೆಲ್ಲ ಹೊಟ್ಟೆ ಮತ್ತು ಕರುಳಿನ ಎಂಜೈಮುಗಳು. ಕೆಚ್ಚಲಿನಲ್ಲಿರುವ ಕೇಸೀನ್ ಕ್ಯಾಲ್ಸಿಯಂ ಜೊತೆ ಸೇರಿ ಸಣ್ಣ ಸಣ್ಣ ಉಂಡೆ ಕಟ್ಟಿಕೊಂಡು, ಕತ್ತರಿಸದೆ ಇಡಿಯಾಗಿ ತೇಲುತ್ತಿರುತ್ತದೆ. ರಕ್ತದಿಂದ ಬರುವ ಪ್ಲಾಸ್ಮಿನ್ ಅನ್ನುವ ಒಂದು ಎಂಜೈಮ್ ಹಾಲಿನಲ್ಲಿ ಇದೆ, ಆದರೆ ಆರೋಗ್ಯದ ಹಾಲಿನಲ್ಲಿ ಅದರ ಬಹುಪಾಲು ಮಲಗಿರುತ್ತದೆ. ಬಾವು ಬಂದಾಗ ಎದ್ದು ಕತ್ತರಿಸಲು ಶುರು ಮಾಡುತ್ತದೆ. ಬಾವಿನ ಹಾಲಿನಲ್ಲಿ ಪನೀರ್ ಇಳುವರಿ ಕಡಿಮೆ ಬರುವುದಕ್ಕೆ, ರುಚಿ ಕೆಡುವುದಕ್ಕೆ ಇದೂ ಒಂದು ಕಾರಣ.

ಲ್ಯಾಕ್ಟೋಫೆರಿನ್ ಇಡಿಯಾಗಿದ್ದರೂ ಸ್ವಲ್ಪ ಕೆಲಸ ಮಾಡುತ್ತದೆ, ನಿಜ. ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಕಬ್ಬಿಣವನ್ನು ಕಸಿದುಕೊಳ್ಳುತ್ತದೆ. ಆದರೆ ಕರೆಯುವ ಹಸುವಿನ ಹಾಲಿನಲ್ಲಿ ಅದು ಇರುವುದು ಲೀಟರಿಗೆ ಒಂದು ಗ್ರಾಂನ ಹತ್ತನೇ ಒಂದು ಪಾಲಿನ ಆಸುಪಾಸು. ತಾಯಿಯ ಹಾಲಿನಲ್ಲಾದರೆ ಲೀಟರಿಗೆ ಒಂದೆರಡು ಗ್ರಾಂ, ಹೆರಿಗೆಯಾದ ಮೊದಲ ದಿನಗಳ ಹಾಲಿನಲ್ಲಿ ಇನ್ನೂ ಜಾಸ್ತಿ. ಅದೂ ಸಾಲದು ಅಂತ ಹಸುವಿನ ಹಾಲಿನಲ್ಲಿ ಸಿಟ್ರೇಟ್ ಇದೆ. ಲ್ಯಾಕ್ಟೋಫೆರಿನ್ ಒಂದು ಕಡೆಯಿಂದ ಕಬ್ಬಿಣ ಕಸಿದುಕೊಂಡರೆ, ಸಿಟ್ರೇಟ್ ಇನ್ನೊಂದು ಕಡೆಯಿಂದ ಅದೇ ಕಬ್ಬಿಣವನ್ನು ರೋಗಾಣುವಿನ ಕೈಗೆ ಸಿಗುವ ಹಾಗೆ ಮಾಡುತ್ತದೆ. ಹಾಲು ಬತ್ತಿಸಿದ, ಅಂದರೆ ಮುಂದಿನ ಕರುವಿಗೆ ಮೊದಲು ಕರೆಯುವುದನ್ನು ನಿಲ್ಲಿಸಿದ, ಹಸುವಿನ ಕೆಚ್ಚಲಿನಲ್ಲಿ ಲೆಕ್ಕ ತಿರುಗುತ್ತದೆ. ಲ್ಯಾಕ್ಟೋಫೆರಿನ್ ಹತ್ತಾರು ಪಟ್ಟು ಏರುತ್ತದೆ, ಸಿಟ್ರೇಟ್ ಇಳಿಯುತ್ತದೆ. ಸಗಣಿಯ ಇ-ಕೋಲೈನಿಂದ ಬರುವ ಬಾವು ಹಾಲು ಬತ್ತಿಸಿದ ಅವಧಿಯ ನಡುವೆ ಅಪರೂಪವಾಗಿ, ಕರು ಹಾಕಿದ ಮೇಲೆ ದಿಢೀರ್ ಅಂತ ಕಾಣಿಸಿಕೊಳ್ಳುವುದರ ಹಿಂದೆ ಇದರ ಕೈವಾಡವೂ ಇದೆ.

ಮತ್ತೆ, ಈ ಪೆಪ್ಟೈಡುಗಳನ್ನು ಪರೀಕ್ಷೆ ಮಾಡಿದ್ದು ಎಲ್ಲಿ? ಬಹುಪಾಲು ಪ್ರಯೋಗಾಲಯದ ತೆಳ್ಳನೆಯ ದ್ರಾವಣದಲ್ಲಿ. ಅಲ್ಲಿ ಉಪ್ಪಿನಂಶ ಕಡಿಮೆ, ಕೊಬ್ಬಿಲ್ಲ, ಬೇರೆ ಪ್ರೋಟೀನ್ ಇಲ್ಲ. ಅದೇ ಪೆಪ್ಟೈಡನ್ನು ಹಾಲಿಗೆ ಹಾಕಿ ನೋಡಿ, ಜೋರು ಇಳಿದುಬಿಡುತ್ತದೆ. ಹಾಲಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಗೂ ಪ್ಲಸ್ ಚಾರ್ಜ್ ತಾನೆ? ಪೆಪ್ಟೈಡ್ ಹೋಗಿ ಅಂಟಬೇಕಾದ ಜಾಗದಲ್ಲಿ ಇವು ಮೊದಲೇ ಹೋಗಿ ಕೂತಿರುತ್ತವೆ. ಉಳಿದದ್ದು ಕೇಸೀನಿಗೆ, ಕೊಬ್ಬಿಗೆ ಅಂಟಿ ಖರ್ಚಾಗುತ್ತದೆ. ಕೆಚ್ಚಲಿನ ಬಿಸಿ ಮೂವತ್ತೆಂಟೂವರೆ ಡಿಗ್ರಿ, ಲ್ಯಾಕ್ಟೋಸ್ ಸಕ್ಕರೆ ಬೇಕಾದಷ್ಟು. ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಹಾಗಾದರೆ ಕೆಚ್ಚಲಿಗೆ ಬಿಟ್ಟು ನೋಡಿದವರು ಯಾರೂ ಇಲ್ವಾ ಅಂದರೆ, ಇದ್ದಾರೆ. ವಿಡಿಯೋದ ಮೂಲ ಬಹುಶಃ ಅದೇ ಇರಬೇಕು. ಇಸ್ರೇಲಿನ ವೋಲ್ಕಾನಿ ಸಂಸ್ಥೆಯಲ್ಲಿ ನಿಸ್ಸಿಮ್ ಸಿಲಾನಿಕೋವ್ ಮತ್ತು ಜೊತೆಗಾರರು 2000ದ ದಶಕದಲ್ಲಿ ಎಂಜೈಮಿನಿಂದ ಒಡೆದ ಕೇಸೀನನ್ನು ಶುದ್ಧ ಮಾಡಿ, ರೋಗಾಣುರಹಿತವಾಗಿಸಿ, ಹಸುವಿನ ಕೆಚ್ಚಲಿಗೆ ಬಿಟ್ಟರು. ಫಲಿತಾಂಶ ಕುತೂಹಲದ್ದು. ಬಿಟ್ಟ ತೊಟ್ಟಿನ ಭಾಗದಲ್ಲಿ ಬಾವು ಬಂತು, ಬಿಳಿ ರಕ್ತಕಣಗಳು ನುಗ್ಗಿದವು, ಆ ಭಾಗದ ಹಾಲು ಬೇಗ ಬತ್ತಿತು. ಈ ಗಲಾಟೆಯಲ್ಲಿ ರೋಗಾಣುಗಳೂ ಹೋದವು. ಅಂದರೆ ಅಲ್ಲಿ ಪೆಪ್ಟೈಡ್ ತಾನೇ ನಿಂತು ಕೊಂದದ್ದಕ್ಕಿಂತ ಹಸುವಿನ ಸ್ವಂತ ರಕ್ಷಣೆಯನ್ನು ಕೆರಳಿಸಿದ್ದೇ ಹೆಚ್ಚು. ಜೊತೆಗೆ ಕೆಚ್ಚಲಿಗೆ ಹಾಲು ನಿಲ್ಲಿಸುವ ಸೂಚನೆಯೂ ಕೇಸೀನಿನ ತುಂಡಿನಿಂದಲೇ ಹೋಗುತ್ತದೆ ಅನ್ನುವುದು ಅವರ ವಾದ. ಬತ್ತಿಸುವ ಕಾಲಕ್ಕೆ ಇದು ಉಪಯೋಗಕ್ಕೆ ಬರುವ ವಿಷಯವೇ. ಆದರೆ ನಿಮಗೆ ಬೇಕಾಗಿರುವುದು ನಾಳೆ ಬೆಳಗ್ಗೆ ಡೈರಿಗೆ ಹಾಕುವ ಹಾಲು. ಇದು ಹಾಲನ್ನೇ ನಿಲ್ಲಿಸುವ ವಿದ್ಯೆ! ಅಂಥ ಟ್ಯೂಬ್ ನಮ್ಮ ಊರುಗಳ ಪಶು ಔಷಧಿ ಅಂಗಡಿಯಲ್ಲಿ ಮಾರುವುದನ್ನು ನಾನಂತೂ ಕಂಡಿಲ್ಲ.

ಇನ್ನು ಮನೆಯ ತಿಳಿನೀರು. ರೆನೆಟ್ ಹಾಕಿ ಹಾಲು ಒಡೆಸಿದಾಗ ಅದು ಮೊದಲು ಕತ್ತರಿಸುವುದು ಕಪ್ಪಾ ಕೇಸೀನ್ ಅನ್ನುವ ಒಂದನ್ನು, ಅದೂ ಒಂದೇ ಜಾಗದಲ್ಲಿ. ಆ ತುಂಡು ತಿಳಿಗೆ ಬರುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಮೆಲ್ಬರ್ನ್‌ನವರ ಕಪ್ಪಾಸಿನ್ ಇದೇ ತುಂಡಿನ ಒಂದು ರೂಪ, ಆದ್ದರಿಂದ ಹುಡುಗನ ತಿಳಿಯಲ್ಲಿ ಅದು ಸ್ವಲ್ಪ ಇದ್ದೇ ಇರುತ್ತದೆ. ಆದರೆ ಅದನ್ನು ನೋಡಿದ್ದು ಬಾಯಿಯ ಬ್ಯಾಕ್ಟೀರಿಯಾದ ಮೇಲೆ, ಬೇರ್ಪಡಿಸಿ, ಲೆಕ್ಕ ಮಾಡಿ. ಇಸ್ರಾಸಿಡಿನ್ ಬೇಕೆಂದರೆ ಇನ್ನೊಂದು ಕೇಸೀನನ್ನು ಕತ್ತರಿಸಬೇಕು. ಅದು ಬಹುಪಾಲು ನಡೆಯುವುದು ಹಾಲು ಒಡೆದ ಮೇಲೆ, ಚೀಸ್ ಹಣ್ಣಾಗುವ ಮೊದಲ ದಿನಗಳಲ್ಲಿ, ಆ ಗಟ್ಟಿಯೊಳಗೇ. ಲ್ಯಾಕ್ಟೋಫೆರಿಸಿನ್ ಬೇಕೆಂದರೆ ಪೆಪ್ಸಿನ್ ಬೇಕು, ಹುಳಿ ಬೇಕು. ಹೀಗೆ ನೋಡಿದರೆ ಸಿರಿಂಜಿಗೆ ಬರುವುದು ಹೆಚ್ಚಾಗಿ ಲ್ಯಾಕ್ಟೋಸ್ ಸಕ್ಕರೆ ನೀರು. ಜೊತೆಗೆ ಅಡುಗೆಮನೆಯ, ಪಾತ್ರೆಯ, ಬಟ್ಟೆಯ, ಗಾಳಿಯ ಬ್ಯಾಕ್ಟೀರಿಯಾ ಮತ್ತು ಈಸ್ಟ್. ಮಜ್ಜಿಗೆಯಲ್ಲಂತೂ ಇವು ಕೋಟಿಗಟ್ಟಲೆ.

ತೊಟ್ಟಿನ ತುದಿಯ ಸಣ್ಣ ನಾಳ ಹಸುವಿನ ಮುಖ್ಯ ಬಾಗಿಲು. ಅದರೊಳಗೆ ಮೇಣದಂಥ ಪದರ ಇದೆ, ರೋಗಾಣು ಅಲ್ಲೇ ಸಿಕ್ಕಿಬೀಳುತ್ತದೆ. ಸಿರಿಂಜಿನ ಮೂತಿ ತೂರಿಸಿದರೆ ಆ ಪದರ ಕಿತ್ತು, ಹೊರಗಿದ್ದ ಕೊಳೆಯನ್ನು ಒಳಗೆ ತಳ್ಳಿದ ಹಾಗಾಗುತ್ತದೆ. ನಾನು ಹಳ್ಳಿಗಳಲ್ಲಿ ನೋಡಿದ ಸಿರಿಂಜುಗಳ ಗತಿ ಹೇಳಿದರೆ ನಿಮಗೇ ಗೊತ್ತಾಗುತ್ತದೆ: ಕೊಟ್ಟಿಗೆಯ ಜಂತೆಗೆ ಸಿಕ್ಕಿಸಿದ್ದು, ಸೂಜಿ ಮುರಿದದ್ದು, ಮೂತಿಯ ಮೇಲೆ ಒಣಗಿದ ಹಾಲು, ಅದರ ಮೇಲೆ ನೊಣ. ಹೀಗೆ ಒಳಗೆ ಹೋದ ಈಸ್ಟಿನಿಂದ ಬಾವು ಬಂದರೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಯಾಕೆಂದರೆ ಈಸ್ಟ್ ಬ್ಯಾಕ್ಟೀರಿಯಾ ಅಲ್ಲ. ಟ್ಯೂಬಿನ ಮೇಲೆ ಟ್ಯೂಬ್ ಹಾಕಿದಷ್ಟೂ ಹದಗೆಡುತ್ತದೆ, ಕೆಚ್ಚಲು ಕಲ್ಲಾಗುತ್ತದೆ. ವಾಸಿಯಾಗದ ಕೆಚ್ಚಲು ಬಾವು ಅಂತ ಕರೆದ ಕಡೆ ನಾನು ಮೊದಲು ಕೇಳುವುದೇ ಇದು: ಒಳಗೆ ಏನಾದರೂ ಬಿಟ್ಟಿದ್ದೀರಾ?

"ರೋಗಾಣುಗಳು ಒಗ್ಗಿಕೊಳ್ಳುವುದೇ ಇಲ್ಲ" ಅನ್ನುವ ಮಾತೂ ಸರಿಯಲ್ಲ. ಪೊರೆಗೆ ಹೊಡೆಯುವ ಪೆಪ್ಟೈಡುಗಳಿಗೆ ಒಗ್ಗುವುದು ನಿಧಾನ, ಅಷ್ಟು ನಿಜ. ಆದರೆ ಕೆಚ್ಚಲು ಬಾವು ತರುವ ಮುಖ್ಯ ಬ್ಯಾಕ್ಟೀರಿಯಾ ಸ್ಟ್ಯಾಫಿಲೋಕಾಕಸ್ ಆರಿಯಸ್‌ಗೆ ತನ್ನ ಹೊರಮೈಯ ಮೈನಸ್ ಚಾರ್ಜನ್ನು ಕಡಿಮೆ ಮಾಡಿಕೊಂಡು ಪೆಪ್ಟೈಡ್ ಅಂಟದ ಹಾಗೆ ನೋಡಿಕೊಳ್ಳುವುದು ಗೊತ್ತಿದೆ. ಇದಕ್ಕಿಂತ ದೊಡ್ಡ ಉದಾಹರಣೆ ಕೊಲಿಸ್ಟಿನ್. ಅದೂ ಪೊರೆಗೆ ಹೊಡೆಯುವ, ಪ್ಲಸ್ ಚಾರ್ಜಿನ ಪೆಪ್ಟೈಡ್ ಜಾತಿಯ ಔಷಧಿಯೇ, ಹಾಲಿನದ್ದಲ್ಲ ಅಷ್ಟೆ. ಮನುಷ್ಯರಿಗೆ ಬೇರೆ ಯಾವುದೂ ನಡೆಯದಿದ್ದಾಗ ಐಸಿಯುನಲ್ಲಿ ಕೊಡುವಂಥದ್ದು. ಪ್ರಾಣಿಗಳಿಗೆ ಬೇಕಾಬಿಟ್ಟಿ ಬಳಸಿದ್ದರಿಂದ ಅದಕ್ಕೂ ಒಗ್ಗಿದ ಬ್ಯಾಕ್ಟೀರಿಯಾ ಹುಟ್ಟಿಕೊಂಡವು. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುವ ಅಂಥ ಒಂದು ಜೀನ್ ಚೀನಾದಲ್ಲಿ ಸಿಕ್ಕಿದೆ ಅಂತ 2015ರಲ್ಲಿ ವರದಿಯಾಯಿತು. 2019ರಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನೇ ನಿಷೇಧಿಸಿತು.

ಅತ್ತೆಯವರ ಮೊಸರಿನ ವಿಷಯ. ಮೊಸರಾಗದೆ ಉಳಿದದ್ದು ನೋಡಿ, ಅದೇ ಒಳ್ಳೆಯ ಪರೀಕ್ಷೆ ಆಯಿತು. ಹೆಪ್ಪಿನ ಬ್ಯಾಕ್ಟೀರಿಯಾಗಳು ಆಂಟಿಬಯೋಟಿಕ್ಕಿಗೆ ಬಹಳ ಸೂಕ್ಷ್ಮ, ಸ್ವಲ್ಪ ಇದ್ದರೂ ಬೆಳೆಯುವುದಿಲ್ಲ. ಕಾಯಿಸಿದರೆ ಪೆನಿಸಿಲಿನ್ ಜಾತಿಯ ಔಷಧಿ ಹೋಗುವುದಿಲ್ಲ ಅನ್ನುವುದೂ ಇದರಿಂದಲೇ ಗೊತ್ತಾಯಿತು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ) 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ತೆಗೆದಾಗ 77ರಲ್ಲಿ ಮಿತಿಗಿಂತ ಹೆಚ್ಚು ಆಂಟಿಬಯೋಟಿಕ್ ಸಿಕ್ಕಿತು. ಟ್ಯೂಬಿನ ಡಬ್ಬದ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಅಂತ ಬರೆದಿರುತ್ತದೆ, ಅಷ್ಟು ದಿನ ನಾಲ್ಕೂ ತೊಟ್ಟಿನ ಹಾಲನ್ನು ಬಿಡಬೇಕು. ಒಂದೇ ತೊಟ್ಟಿಗೆ ಹಾಕಿದ್ದು, ಉಳಿದ ಮೂರರದ್ದು ಹಾಕಬಹುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಔಷಧಿ ರಕ್ತಕ್ಕೂ ಹೋಗುತ್ತದೆ, ಅಲ್ಲಿಂದ ಉಳಿದ ತೊಟ್ಟಿಗೂ ಬರಬಹುದು. ಆ ಹಾಲನ್ನು ಕರುವಿಗೂ ಕುಡಿಸಬೇಡಿ, ಔಷಧಿಗೆ ಒಗ್ಗಿದ ಬ್ಯಾಕ್ಟೀರಿಯಾವನ್ನು ಅದರ ಹೊಟ್ಟೆಯಲ್ಲಿ ಸಾಕಿದ ಹಾಗಾಗುತ್ತದೆ.

ಔಷಧಿ ಹಾಕದ ಬಾವಿನ ಹಾಲನ್ನು ಚೆನ್ನಾಗಿ ಕಾಯಿಸಿದರೆ ಸರಿ ಹೋಗುತ್ತದೆ ಅನ್ನುವ ನಂಬಿಕೆಯೂ ಬೇಡ. ಸ್ಟ್ಯಾಫ್ ಆರಿಯಸ್ ಬಿಡುವ ವಿಷ ಕುದಿಸಿದರೂ ಉಳಿಯುತ್ತದೆ. 2000ರಲ್ಲಿ ಜಪಾನಿನಲ್ಲಿ 13,000ಕ್ಕೂ ಹೆಚ್ಚು ಜನ ಹಾಲಿನ ಪದಾರ್ಥ ಸೇವಿಸಿ ವಾಂತಿಭೇದಿಯಿಂದ ನರಳಿದರು. ಅಲ್ಲಿ ಬ್ಯಾಕ್ಟೀರಿಯಾ ಸತ್ತಿತ್ತು, ವಿಷ ಮಾತ್ರ ಉಳಿದಿತ್ತು.

ಹಾಲಿನ ಪೆಪ್ಟೈಡಿನ ನಿಜವಾದ ಜಾಗ ಯಾವುದು ಅಂದರೆ, ಹೊಟ್ಟೆ. ಎಂಜೈಮ್, ಹುಳಿ ಎರಡೂ ಇರುವುದು ಅಲ್ಲೇ ತಾನೆ? ಕರು ಗಿಣ್ಣುಹಾಲು ಕುಡಿದಾಗ ಅದರ ಹೊಟ್ಟೆಯಲ್ಲಿ ಇಂಥ ತುಂಡುಗಳು ಹುಟ್ಟುವ ಅವಕಾಶ ಇದೆ. ಗಿಣ್ಣಿನಲ್ಲಿ ಲ್ಯಾಕ್ಟೋಫೆರಿನ್ನೂ ಮಾಮೂಲಿ ಹಾಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಕರುವಿಗೆ ಅದಕ್ಕಿಂತ ಮುಖ್ಯ ಗಿಣ್ಣಿನಲ್ಲಿರುವ ತಾಯಿಯ ಪ್ರತಿಕಾಯಗಳು. ಹುಟ್ಟಿದ ಒಂದೆರಡು ಗಂಟೆಯೊಳಗೆ ಕುಡಿಸಿ. ಕರುವಿನ ತೂಕದ ಹತ್ತನೇ ಒಂದು ಪಾಲು ಅದಕ್ಕೆ ಸಿಗಲಿ. ಉಳಿದದ್ದರಲ್ಲಿ ನೀವು ಗಿಣ್ಣು ಮಾಡಿಕೊಳ್ಳಿ, ಬೆಲ್ಲ ಏಲಕ್ಕಿ ಹಾಕಿ. ಅದು ಔಷಧಿ ಅಂತಲ್ಲ, ರುಚಿಗೆ. ಹಬೆಯಲ್ಲಿ ಬೇಯಿಸಿದರೆ ಆ ಪ್ರತಿಕಾಯಗಳೇ ಗಟ್ಟಿಯಾಗಿ ಗಿಣ್ಣು ಕಟ್ಟುವುದು.

ಮಗುವಿಗೆ ಪುಡಿ ಕೊಡಬಹುದಾ ಅನ್ನುವ ಪ್ರಶ್ನೆಗೆ ಒಂದು ಕತೆ ಹೇಳುತ್ತೇನೆ. ಮನುಷ್ಯರ ಹೊಟ್ಟೆಯಲ್ಲಿ ಲ್ಯಾಕ್ಟೋಫೆರಿನ್ನಿನಿಂದ ಲ್ಯಾಕ್ಟೋಫೆರಿಸಿನ್ ಹುಟ್ಟುತ್ತದೆ ಅಂತ 1998ರಲ್ಲಿ ಜಪಾನಿನವರು ತೋರಿಸಿದ್ದರು. 2009ರಲ್ಲಿ ಇಟಲಿಯಲ್ಲಿ ತೀರಾ ಕಡಿಮೆ ತೂಕದ ನವಜಾತ ಶಿಶುಗಳಿಗೆ ಹಸುವಿನ ಲ್ಯಾಕ್ಟೋಫೆರಿನ್ ಕೊಟ್ಟಾಗ ರಕ್ತದ ಸೋಂಕು ಶೇ. 17ರಿಂದ ಶೇ. 6ಕ್ಕೆ ಇಳಿಯಿತು. ಎಲ್ಲರಿಗೂ ಖುಷಿಯೋ ಖುಷಿ. ಆ ಅಧ್ಯಯನದಲ್ಲಿ ಇದ್ದದ್ದು ಐನೂರರ ಒಳಗೆ ಮಕ್ಕಳು. ಬ್ರಿಟನ್ನಿನಲ್ಲಿ ಅವಧಿಗೆ ಬಹಳ ಮೊದಲೇ ಹುಟ್ಟಿದ ಸುಮಾರು 2,200 ಶಿಶುಗಳ ಮೇಲೆ ಇದನ್ನೇ ನೋಡಿದರು. 2019ರಲ್ಲಿ ಫಲಿತಾಂಶ ಬಂತು: ಪುಡಿ ಕೊಟ್ಟವರಲ್ಲಿ ಸೋಂಕು ಶೇ. 29, ಕೊಡದವರಲ್ಲಿ ಶೇ. 31. ಪುಡಿಯಿಂದ ಉಪಯೋಗ ಆಯಿತು ಅಂತ ಹೇಳುವಷ್ಟು ವ್ಯತ್ಯಾಸ ಅದಲ್ಲ. ಹಾಗಾಗಿ ಆನ್‌ಲೈನ್ ಪುಡಿಗೆ ದುಡ್ಡು ಹಾಕಬೇಡಿ. ಎಳೆ ಮಗುವಾದರೆ ತಾಯಿ ಹಾಲು ಕೊಡಿ, ಅದರಲ್ಲಿ ಲ್ಯಾಕ್ಟೋಫೆರಿನ್ ಬೇಕಾದಷ್ಟಿದೆ. ಹಸುವಿನ ಹಾಲು ಒಗ್ಗದ ಮಗುವಿಗೆ ಈ ಪುಡಿಯೂ ಒಗ್ಗದೆ ಹೋಗಬಹುದು.

ಈಗ ನಿಮ್ಮ ಹಸು. ಅದೇ ತೊಟ್ಟು, ಪದೇ ಪದೇ, ಮೂರನೇ ಕರು. ಇದನ್ನು ಓದಿದ ಯಾವ ದನದ ಡಾಕ್ಟರಿಗೂ ಮೊದಲು ಅನುಮಾನ ಬರುವುದು ಸ್ಟ್ಯಾಫ್ ಆರಿಯಸ್ ಮೇಲೆ. ಅದು ಕೆಚ್ಚಲಿನ ಮಾಂಸದೊಳಗೆ ಸಣ್ಣ ಕುರುಗಳಲ್ಲಿ, ಜೀವಕೋಶದ ಒಳಗೂ ಅವಿತುಕೊಳ್ಳುತ್ತದೆ. ಟ್ಯೂಬ್ ಹಾಕಿದಾಗ ಹೊರಗಿದ್ದವು ಸಾಯುತ್ತವೆ, ಒಳಗಿದ್ದವು ಮತ್ತೆ ಬರುತ್ತವೆ. ಹಾಲು ಪೂರ್ತಿ ಕರೆದ ಮೇಲೆ ಆ ಭಾಗವನ್ನು ಕೈಯಲ್ಲಿ ಮೆಲ್ಲಗೆ ಒತ್ತಿ ನೋಡಿ. ಒಳಗೆ ಗಂಟು ಗಂಟಾಗಿ ಸಿಕ್ಕಿದರೆ ವಾಸಿಯಾಗುವ ಆಸೆ ಕಡಿಮೆ. ಆದರೆ ಅನುಮಾನದ ಮೇಲೆ ಔಷಧಿ ಬದಲಿಸುತ್ತಾ ಹೋಗುವುದಕ್ಕಿಂತ ಯಾವ ರೋಗಾಣು, ಅದಕ್ಕೆ ಯಾವ ಔಷಧಿ ನಡೆಯುತ್ತದೆ ಅಂತ ಪರೀಕ್ಷೆ ಮಾಡಿಸುವುದು ಅಗ್ಗ. ನಿಮ್ಮ ಪಶು ಆಸ್ಪತ್ರೆಯವರ ಮೂಲಕ ಜಿಲ್ಲೆಯ ಪ್ರಯೋಗಾಲಯಕ್ಕೋ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೋ ಹಾಲಿನ ಮಾದರಿ ಕಳಿಸಬಹುದು.

ವರದಿ ಬಂದ ಮೇಲೆ ನಿಮ್ಮ ಮುಂದೆ ಕೆಲವು ದಾರಿಗಳಿವೆ. ಔಷಧಿ ನಡೆಯುತ್ತದೆ ಅಂತಿದ್ದರೆ ಕೋರ್ಸ್ ಪೂರ್ತಿ ಮಾಡಿಸಿ. ಹಾಲು ತಿಳಿಯಾಯಿತು ಅಂತ ಎರಡನೇ ದಿನಕ್ಕೆ ನಿಲ್ಲಿಸುವುದೇ ಎಲ್ಲರೂ ಮಾಡುವ ಕೆಲಸ, ರೋಗ ಮರುಕಳಿಸುವುದೂ ಅಲ್ಲೇ. ಸ್ಟ್ಯಾಫ್ ಆರಿಯಸ್ ಆಗಿದ್ದು ಹಸು ಗಬ್ಬವಿದ್ದರೆ, ಬತ್ತಿಸುವಾಗ ದೀರ್ಘ ಕಾಲ ನಿಲ್ಲುವ ಟ್ಯೂಬ್ ಹಾಕಿಸುವುದು ಒಳ್ಳೆಯ ಅವಕಾಶ. ಆಗ ಹಾಲು ನಷ್ಟವಿಲ್ಲ, ಔಷಧಿ ವಾರಗಟ್ಟಲೆ ಒಳಗಿರುತ್ತದೆ, ಹಸುವಿನ ಸ್ವಂತ ಲ್ಯಾಕ್ಟೋಫೆರಿನ್ನೂ ಆಗಲೇ ಏರಿರುತ್ತದೆ. ಅದಕ್ಕೂ ಬಗ್ಗದಿದ್ದರೆ ಆ ಒಂದು ತೊಟ್ಟನ್ನು ಶಾಶ್ವತವಾಗಿ ಬತ್ತಿಸಿ ಮೂರು ತೊಟ್ಟಿನಲ್ಲಿ ಕರೆಯಬಹುದು, ಹಾಲು ನೀವು ಹೆದರುವಷ್ಟು ಕಡಿಮೆ ಆಗುವುದಿಲ್ಲ. ಕೊನೆಯದು ಆ ಹಸುವನ್ನು ಮನೆಯಿಂದ ಕಳಿಸುವುದು. ಹೇಳುವುದು ಸುಲಭ, ನನಗೂ ಗೊತ್ತು. ಆದರೆ ಅದು ಉಳಿದ ಮೂರಕ್ಕೆ ಅಂಟಿಸುತ್ತಾ ಇದ್ದರೆ ಲೆಕ್ಕ ಹಾಕಲೇಬೇಕು.

ಪರಿಸರದ ಇ-ಕೋಲೈ ಅಂತ ಬಂದು, ಬಾವು ಹಗುರವಾಗಿದ್ದರೆ ಕೆಲವೊಮ್ಮೆ ಆಂಟಿಬಯೋಟಿಕ್ ಇಲ್ಲದೆಯೂ ವಾಸಿಯಾಗುತ್ತದೆ, ಆದರೆ ಆ ತೀರ್ಮಾನ ನಿಮ್ಮ ಡಾಕ್ಟರದ್ದು. ಹಸುವಿಗೆ ಜ್ವರ ಬಂದು, ಮೇವು ಬಿಟ್ಟು, ಹಾಲು ನೀರಾಗಿದ್ದರೆ ಅವತ್ತೇ ಕರೆಸಿ. ಒಂದು ರಾತ್ರಿ ಕಾದರೆ ಹಸು ಉಳಿಯದಿರಬಹುದು.

ಮನೆಮದ್ದು ಬೇಕೇ ಬೇಕು ಅಂದರೆ ಒಂದಿದೆ. ಬೆಂಗಳೂರಿನ ಟ್ರಾನ್ಸ್-ಡಿಸಿಪ್ಲಿನರಿ ವಿಶ್ವವಿದ್ಯಾಲಯದವರ ಜೊತೆ ಎನ್‌ಡಿಡಿಬಿ (ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ) ಹಳ್ಳಿಗಳಲ್ಲಿ ಹೇಳಿಕೊಡುತ್ತಿರುವುದು: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಸೇರಿಸಿ ರುಬ್ಬಿ, ನೀರು ಬೆರೆಸಿ, ಹಾಲು ಕರೆದು ಕೆಚ್ಚಲು ತೊಳೆದ ಮೇಲೆ ದಿನಕ್ಕೆ ಎಂಟು ಹತ್ತು ಸಲ ಹೊರಗಿನಿಂದ ಸವರುವುದು. ಇದರಲ್ಲಿ ನನಗೆ ಇಷ್ಟವಾಗುವುದು ಆ 'ಹೊರಗಿನಿಂದ' ಅನ್ನುವುದೇ. ಆರಂಭದ ಬಾವಿಗೆ ಮಾಡಿ ನೋಡಬಹುದು. ಒಳಗೆ ಅವಿತ ಸ್ಟ್ಯಾಫ್ ಆರಿಯಸ್ ಅನ್ನು ಇದು ಹೊರಗೆ ತೆಗೆಯುತ್ತದೆ ಅಂತ ಕಾಯಬೇಡಿ.

ಉಳಿದ ಮೂರು ಹಸುವಿನ ಮೇಲೂ ಕಣ್ಣಿರಲಿ. 100 ಮಿ.ಲೀ. ನೀರಿಗೆ 3 ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿ ಇಟ್ಟುಕೊಳ್ಳಿ. ನಾಲ್ಕು ತೊಟ್ಟಿನ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಹಿಂಡಿ, ಅಷ್ಟೇ ಪುಡಿ ನೀರು ಹಾಕಿ ಮೆಲ್ಲಗೆ ತಿರುಗಿಸಿ. ಸಿಂಬಳದ ಹಾಗೆ ಲೋಳೆ ಕಟ್ಟಿದರೆ ಆ ತೊಟ್ಟಿನಲ್ಲಿ ಹೊರಗೆ ಕಾಣದ ಬಾವು ಇದೆ. ರೋಗದ ಹಸುವನ್ನು ಕೊನೆಗೆ ಕರೆಯಿರಿ. ಹೆಬ್ಬೆರಳು ಮಡಚಿ ಗೆಣ್ಣಿನಿಂದ ಒತ್ತಿ ಕರೆಯುವ ಅಭ್ಯಾಸ ಇದ್ದರೆ ಬಿಡಿಸಿ, ತೊಟ್ಟಿನ ಒಳಗೆ ಗಾಯ ಆಗುತ್ತದೆ. ಕರೆದ ಕೂಡಲೇ ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ತೊಟ್ಟು ಅದ್ದಿ. ಹಿಂಡಿ ಬೂಸ ಕರೆಯುವಾಗ ಕೊಡುವ ಬದಲು ಮೇವಿನ ಒಂದು ಪಾಲನ್ನಾದರೂ ಕರೆದ ಮೇಲೆ ಹಾಕಿ. ತೊಟ್ಟಿನ ಬಾಯಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಹಸು ನಿಂತಿರಬೇಕು, ಗಂಜಲದ ಮೇಲೆ ಮಲಗಬಾರದು.

ಮಾದರಿ ತೆಗೆಯುವ ಕ್ರಮ ಇದು. ಆಸ್ಪತ್ರೆಯಿಂದ ಶುದ್ಧ ಮಾಡಿದ ಸೀಸೆ ತನ್ನಿ. ತೊಟ್ಟು ತೊಳೆದು ಪೂರ್ತಿ ಒಣಗಿಸಿ, ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ. ಮೊದಲ ಮೂರು ನಾಲ್ಕು ಧಾರೆ ಬೇರೆ ಪಾತ್ರೆಗೆ ಬಿಡಿ. ಆಮೇಲೆ ಸೀಸೆಯನ್ನು ಓರೆಯಾಗಿ ಹಿಡಿದು, ಅಂಚು ತೊಟ್ಟಿಗೆ ತಾಗದ ಹಾಗೆ ಹಾಲು ಹಿಂಡಿ ಮುಚ್ಚಿ, ಐಸ್ ಹಾಕಿದ ಡಬ್ಬದಲ್ಲಿ ಅವತ್ತೇ ತಲುಪಿಸಿ. ಇದೆಲ್ಲ ಟ್ಯೂಬ್ ಹಾಕಿಸುವ ಮುಂಚೆ ಆಗಬೇಕು. ಹಾಕಿಸಿದ ಮೇಲೆ ತೆಗೆದ ಹಾಲಿನಲ್ಲಿ ರೋಗಾಣು ಇದ್ದರೂ ಬೆಳೆಯುವುದು ಕಷ್ಟ, ವರದಿಯಲ್ಲಿ ಏನೂ ಸಿಗಲಿಲ್ಲ ಅಂತ ಬರುತ್ತದೆ.